ಹಲ್ಲೋ ಕಲ್ಲೋ? ಶಾರ್ಕ್ ಹಲ್ಲು ಹುಡುಕಲು ಅಮೆರಿಕದಲ್ಲಿ ಎಲ್ಲಿಗೆ ಹೋಗುವುದು

ಏಪ್ರಿಲ್ ಬಂತೆಂದರೆ ನನಗೆ ಫೋನುಗಳು ಶುರು. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ವಾಷಿಂಗ್ಟನ್ನಿನ ಮ್ಯೂಸಿಯಂಗಳನ್ನೆಲ್ಲ ತೋರಿಸಿ ಆಗಿರುತ್ತದೆ, ನಯಾಗರವನ್ನು ಜೂನಿಗೆ ಅಂತ ಎತ್ತಿಟ್ಟಿರುತ್ತಾರೆ, ನಡುವೆ ಒಂದು ಶನಿವಾರ ಖಾಲಿ ಬಿದ್ದಿರುತ್ತದೆ. "ನೀವು ಗ್ರೂಪಲ್ಲಿ ಫೋಟೋ ಹಾಕಿದ್ರಲ್ಲ, ಶಾರ್ಕ್ ಹಲ್ಲು ಸಿಗೋ ಬೀಚು, ಅದೆಲ್ಲಿ ಬರುತ್ತೆ?" ಅಂತ ಕೇಳುತ್ತಾರೆ. ನಾನು ತಿರುಗಿ ಒಂದೇ ಪ್ರಶ್ನೆ ಹಾಕುತ್ತೇನೆ: "ಜೊತೆಗೆ ಯಾರ್ಯಾರು ಬರ್ತಿದಾರೆ?"

ಕೇಳಿದವರಿಗೆ ಇದು ಅಡ್ಡಮಾತು ಅನ್ನಿಸುತ್ತದೆ. ಹನ್ನೊಂದು ವರ್ಷದಲ್ಲಿ ಆರು ಜಾಗ ಸುತ್ತಿದ ಮೇಲೆ ನನಗೆ ತಿಳಿದದ್ದು ಇಷ್ಟು: ಹಲ್ಲು ಎಲ್ಲ ಕಡೆಯೂ ಸಿಗುತ್ತದೆ, ಆದರೆ ಒಂದು ಕಡೆ ಮಂಡಿ ಗಟ್ಟಿ ಇರಬೇಕು, ಇನ್ನೊಂದು ಕಡೆ ಸೊಂಟ, ಮತ್ತೊಂದು ಕಡೆ ಜೇಬು. "ಎಲ್ಲಿ ದೊಡ್ಡ ಹಲ್ಲು ಸಿಗುತ್ತೆ" ಅಂತ ಹೊರಟವರು ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಮುಖ ಊದಿಸಿಕೊಂಡು ಕಾರಿನಲ್ಲಿ ಕೂತಿರುತ್ತಾರೆ. ಪದೇಪದೇ ಫೋನಿನಲ್ಲಿ ಹೇಳುವ ಬದಲು ಒಮ್ಮೆ ಬರೆದಿಟ್ಟುಬಿಡೋಣ ಅಂತ ಕೂತೆ.

ಮೊದಲು ಎರಡು ಮಾತು

ಶಾರ್ಕಿನ ಮೈಯಲ್ಲಿ ಮೂಳೆ ಇಲ್ಲ. ನಮ್ಮ ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿಯದ್ದೇ ಇಡೀ ಅಸ್ಥಿಪಂಜರ. ಸತ್ತ ಮೇಲೆ ಅದು ಕೊಳೆತು ಹೋಗುತ್ತದೆ, ಉಳಿಯುವುದು ಹಲ್ಲು. ಅದೂ ನಮ್ಮ ಹಾಗೆ ಒಂದು ಸಲ ಬಿದ್ದು ಒಂದು ಸಲ ಹುಟ್ಟುವ ಹಲ್ಲಲ್ಲ. ಸಾಲುಸಾಲಾಗಿ ಹಿಂದಿನಿಂದ ಬರುತ್ತಲೇ ಇರುತ್ತದೆ, ಮುಂದಿನದು ಉದುರುತ್ತಲೇ ಇರುತ್ತದೆ. ಒಂದು ಶಾರ್ಕ್ ಬದುಕಿರುವಷ್ಟು ಕಾಲ ಸಾವಿರಗಟ್ಟಲೆ ಹಲ್ಲು ಉದುರಿಸುತ್ತದೆ. ಕಡಲ ತಳದ ಕೆಸರಲ್ಲಿ ಹೂತುಹೋದ ಹಲ್ಲು ನಿಧಾನಕ್ಕೆ ಸುತ್ತಲಿನ ಖನಿಜಗಳನ್ನು ಹೀರಿ ಕಲ್ಲಿನಂತಾಗುತ್ತದೆ. ಕಪ್ಪಾಗಿದ್ದರೆ ಹೆಚ್ಚು ಹಳೆಯದು ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು, ಬಣ್ಣ ಹೇಳುವುದು ಹಲ್ಲು ಯಾವ ಮಣ್ಣಿನಲ್ಲಿ ಮಲಗಿತ್ತು ಅನ್ನುವುದನ್ನು. ಫಾಸ್ಫೇಟ್ ಹೆಚ್ಚಿರುವ ಕಡೆ ಕಪ್ಪು, ಬೇರೆ ಕಡೆ ಬೂದು, ಕಂದು, ಜೇನಿನ ಬಣ್ಣ.

ಯುರೋಪಿನಲ್ಲಿ ಇವನ್ನು ಕಲ್ಲಾದ ಹಾವಿನ ನಾಲಗೆ ಅಂತ ನಂಬಿ, ವಿಷ ಇಳಿಯಲಿ ಅಂತ ವೈನಿನಲ್ಲಿ ಅದ್ದಿ ಕುಡಿಯುತ್ತಿದ್ದ ಕಾಲವಿತ್ತು. 1666ರಲ್ಲಿ ಇಟಲಿಯ ಕಡಲಲ್ಲಿ ಹಿಡಿದ ದೊಡ್ಡ ಶಾರ್ಕೊಂದರ ತಲೆ ಫ್ಲಾರೆನ್ಸಿನಲ್ಲಿದ್ದ ನಿಕೊಲಾಸ್ ಸ್ಟೆನೊ ಎಂಬ ಡೆನ್ಮಾರ್ಕಿನ ಅಂಗರಚನಾ ಶಾಸ್ತ್ರಜ್ಞನ ಕೈಗೆ ಬಂತು. ಬಾಯಿ ಬಿಡಿಸಿ ನೋಡಿದರೆ ಒಳಗೆ ಅದೇ "ನಾಲಗೆ"ಗಳು. ಬೆಟ್ಟದ ಬಂಡೆಯಲ್ಲಿ ಶಾರ್ಕ್ ಹಲ್ಲು ಇದೆ ಎಂದರೆ ಆ ಜಾಗ ಒಂದು ಕಾಲಕ್ಕೆ ಕಡಲಾಗಿತ್ತು ಅನ್ನುವ ತರ್ಕ ಬಲವಾಗಿದ್ದು ಅಲ್ಲಿಂದ.

"ನಮ್ಮ ಕಡೆ ಯಾಕೆ ಸಿಗಲ್ಲ?" ಅಂತ ನಮ್ಮಪ್ಪ ಕೇಳಿದ್ದರು. ಕರ್ನಾಟಕದ ನೆಲದ ಬಹುಪಾಲು 250 ಕೋಟಿ ವರ್ಷಕ್ಕೂ ಹಿಂದಿನ ಬಂಡೆ. ಆಗ ಶಾರ್ಕ್ ಹಾಗಿರಲಿ, ಯಾವ ಮೀನೂ ಹುಟ್ಟಿರಲಿಲ್ಲ. ಉತ್ತರದ ಕಡೆ ಹೋದರೆ ದಖ್ಖನ್ನಿನ ಲಾವಾ. ಪಕ್ಕದ ತಮಿಳುನಾಡಿನ ಅರಿಯಲೂರು, ಗುಜರಾತಿನ ಕಛ್ ಇವುಗಳ ಸಮುದ್ರದ ಪದರಗಳಲ್ಲಿ ಭೂವಿಜ್ಞಾನಿಗಳಿಗೆ ಶಾರ್ಕ್ ಹಲ್ಲು ಸಿಕ್ಕಿವೆ. ಇಲ್ಲಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಅದೇ ಬಗೆಯ ಪದರಗಳು ನೂರಾರು ಮೈಲಿ ಉದ್ದಕ್ಕೆ, ತೀರಕ್ಕೆ ಅಂಟಿಕೊಂಡೇ ಇವೆ. ಅದೃಷ್ಟ ಅಷ್ಟೇ.

ಕ್ಯಾಲ್ವರ್ಟ್ ಕ್ಲಿಫ್ಸ್: ಕಣ್ಣಿದ್ದವರಿಗೆ

ಮೇರಿಲ್ಯಾಂಡಿನಲ್ಲಿ ಚೆಸಪೀಕ್ ಕೊಲ್ಲಿಯ ಪಶ್ಚಿಮ ದಡದುದ್ದಕ್ಕೂ ಮಣ್ಣಿನ ಗೋಡೆಗಳಂಥ ಎತ್ತರದ ದಿಬ್ಬಗಳಿವೆ. ಸುಮಾರು 1ರಿಂದ 2 ಕೋಟಿ ವರ್ಷದ ಹಿಂದೆ, ಮಯೊಸೀನ್ ಯುಗದಲ್ಲಿ, ಇಲ್ಲೆಲ್ಲ ಆಳವಿಲ್ಲದ ಕಡಲಿತ್ತು. ಮಳೆ, ಅಲೆ, ಚಳಿಗಾಲದ ಹಿಮಕ್ಕೆ ದಿಬ್ಬ ಸವೆದು ಮಣ್ಣು ನೀರಿಗೆ ಬೀಳುತ್ತದೆ. ಅಲೆ ಮಣ್ಣನ್ನು ತೊಳೆದುಕೊಂಡು ಹೋಗಿ ಹಲ್ಲು, ಚಿಪ್ಪು, ನುರುಜುಗಲ್ಲನ್ನು ದಡದ ಮೇಲೆ ಒಂದು ಸಾಲಾಗಿ ಬಿಟ್ಟುಹೋಗುತ್ತದೆ. ಅಗೆಯುವ ಕೆಲಸವೇ ಇಲ್ಲ, ಬಗ್ಗಿ ನೋಡುತ್ತಾ ನಡೆದರೆ ಸಾಕು. ದಿಬ್ಬ ಅಗೆಯುವುದಕ್ಕೆ ಅನುಮತಿಯೂ ಇಲ್ಲ, ದಿಬ್ಬದ ಬುಡಕ್ಕೆ ಹೋಗುವುದಕ್ಕೂ ಇಲ್ಲ. ಸುಮ್ಮನೆ ಹೆದರಿಸಲು ಹಾಕಿದ ಫಲಕ ಅಂದುಕೊಳ್ಳಬೇಡಿ, ಆ ಮಣ್ಣು ಹೇಳದೆ ಕೇಳದೆ ಕುಸಿಯುತ್ತದೆ.

ಇಲ್ಲಿಗೆ ಹೋಗಲು ಎರಡು ದಾರಿ, ಮತ್ತು ಜನ ಎಡವುವುದು ಇಲ್ಲೇ. ಹುಡುಕಿದ ಕೂಡಲೇ ಫೋನಿನಲ್ಲಿ ಬರುವುದು ಲಸ್ಬಿಯಲ್ಲಿರುವ ಕ್ಯಾಲ್ವರ್ಟ್ ಕ್ಲಿಫ್ಸ್ ಸ್ಟೇಟ್ ಪಾರ್ಕ್. ಕಾರು ನಿಲ್ಲಿಸಿದ ಜಾಗದಿಂದ ದಡಕ್ಕೆ ಕಾಡಿನ ನಡುವೆ 1.8 ಮೈಲಿ ನಡಿಗೆ. ಹೋಗಿ ಬಂದರೆ ಸುಮಾರು ಆರು ಕಿಲೋಮೀಟರ್. ದಾರಿಯೇನೋ ಚೆಂದ, ಜೌಗು, ಕಮಲದೆಲೆ, ಆಮೆ. ಆದರೆ ಮಂಡಿ ನೋವಿರುವ ಮಾವನವರನ್ನು ಕರೆದುಕೊಂಡು ಹೋದರೆ ವಾಪಸ್ಸು ಬರುವಾಗ ಮೂರು ಕಡೆ ಕೂರಿಸಬೇಕಾಗುತ್ತದೆ. ನಾವು ಕೂರಿಸಿದ್ದೇವೆ. ಬೇಸಿಗೆಯ ವಾರಾಂತ್ಯದಲ್ಲಿ ಪಾರ್ಕ್ ತುಂಬಿದರೆ ಗೇಟು ಹಾಕಿಬಿಡುತ್ತಾರೆ, ಒಂಬತ್ತರೊಳಗೆ ತಲುಪಿದರೆ ಒಳ್ಳೆಯದು.

ಅದೇ ಊರಿನಲ್ಲಿ, ಸ್ವಲ್ಪ ಉತ್ತರಕ್ಕೆ, ಫ್ಲ್ಯಾಗ್ ಪಾಂಡ್ಸ್ ಅಂತ ಕೌಂಟಿಯ, ಅಂದರೆ ಜಿಲ್ಲೆಯ, ಪಾರ್ಕ್ ಇದೆ. ಅಲ್ಲಿ ದಡಕ್ಕೆ ಅರ್ಧ ಮೈಲಿ ನಡಿಗೆ, ದಡ ಅಗಲ, ಕುರ್ಚಿ ಹಾಕಿಕೊಂಡು ಕೂರಬಹುದು. ಹೊರಗಿನ ಕೌಂಟಿಯವರಿಗೆ ಪ್ರವೇಶ ಶುಲ್ಕ ಜಾಸ್ತಿ. ಆದರೂ ಊರಿಂದ ಹಿರಿಯರು ಬಂದಿದ್ದರೆ ನನ್ನ ಓಟು ಕಣ್ಣುಮುಚ್ಚಿ ಇದಕ್ಕೆ. ಒಂದಿಷ್ಟು ದುಡ್ಡು ಉಳಿಸಲು ಹೋಗಿ ಅತ್ತೆ ಮಾವನ ಮಂಡಿ ಮುರಿಯುವುದು ಯಾವ ಲೆಕ್ಕ?

ನಮ್ಮ ಮೊದಲ ಸಲದ ಕಥೆ ಹೇಳಬೇಕು. ಉಬ್ಬರದ ಹೊತ್ತಿಗೆ ಹೋಗಿದ್ದೆವು, ನೋಡಿಕೊಂಡು ಹೋಗಬೇಕು ಅನ್ನುವ ಬುದ್ಧಿಯೇ ಇರಲಿಲ್ಲ. ದಡ ಅನ್ನುವುದು ಒಂದು ಚಾಪೆಯಷ್ಟು ಅಗಲ. ಎರಡು ಗಂಟೆ ಬಗ್ಗಿ ಮೂರು ಹಲ್ಲು ಸಿಕ್ಕಿತು, ಅದರಲ್ಲಿ ಒಂದು ಮನೆಗೆ ಬಂದು ತೊಳೆದಾಗ ಕಲ್ಲಾಯಿತು. ಈಗ ಅಮೆರಿಕ ಸರ್ಕಾರದ ಕಡಲು-ಹವಾಮಾನ ಸಂಸ್ಥೆ ನೋವಾದ (NOAA) ಉಬ್ಬರ-ಇಳಿತದ ವೇಳಾಪಟ್ಟಿ ನೋಡಿ, ಇಳಿತಕ್ಕೆ ಎರಡು ಗಂಟೆ ಮುಂಚೆ ಅಲ್ಲಿರುತ್ತೇವೆ. ಇನ್ನೊಂದು ಗುಟ್ಟು: ಕೊಲ್ಲಿಯ ಈ ಭಾಗದಲ್ಲಿ ಉಬ್ಬರಕ್ಕೂ ಇಳಿತಕ್ಕೂ ಒಂದು ಅಡಿಯ ಆಸುಪಾಸಿನ ವ್ಯತ್ಯಾಸ ಅಷ್ಟೇ. ಅದಕ್ಕಿಂತ ದೊಡ್ಡ ಆಟ ಗಾಳಿಯದ್ದು. ಚಳಿಗಾಲದಲ್ಲಿ ಒಂದೆರಡು ದಿನ ವಾಯವ್ಯದ ಗಾಳಿ ಜೋರಾಗಿ ಬೀಸಿದರೆ ನೀರನ್ನು ಕೊಲ್ಲಿಯಿಂದ ಆಚೆ ತಳ್ಳಿಬಿಡುತ್ತದೆ, ಮಾಮೂಲಿನಲ್ಲಿ ನೀರಿನಡಿ ಇರುವ ನುರುಜಿನ ಪಟ್ಟಿ ಬಯಲಿಗೆ ಬರುತ್ತದೆ. ಕೈ ಮರಗಟ್ಟುತ್ತದೆ, ಆದರೆ ಜನ ಇರುವುದಿಲ್ಲ, ಬೇಸಿಗೆಯಲ್ಲಿ ಕಾಲಿಗೆ ಚುಚ್ಚುವ ಜೆಲ್ಲಿ ಮೀನೂ ಇರುವುದಿಲ್ಲ, ಕಾಡಿನಲ್ಲಿ ರಕ್ತ ಹೀರುವ ಉಣ್ಣೆ ಹುಳುವೂ (ಟಿಕ್) ಕಡಿಮೆ.

ನಮ್ಮತ್ತೆ ಮೊದಲ ಸಲ ಬಂದಾಗ, "ನೀವು ಹುಡುಕ್ಕೊಳಿ, ನಾನಿಲ್ಲೇ ಕೂತಿರ್ತೀನಿ" ಅಂತ ಕುರ್ಚಿ ಹಾಕಿಸಿಕೊಂಡು ಕೂತರು. ಮಗ ಒಂದು ಹಿಡಿ ನುರುಜು ತಂದು ಅವರ ಊಟದ ತಟ್ಟೆಗೆ ಸುರಿದ. "ಅಜ್ಜಿ, ಇದರಲ್ಲಿ ಇದೆಯಾ ನೋಡು." ಅವರು ತಟ್ಟೆಯನ್ನು ತೊಡೆಯ ಮೇಲಿಟ್ಟು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೆರಳಲ್ಲಿ ಸರಿಸಲು ಶುರು ಮಾಡಿದರು. ಅಕ್ಕಿ ಆರಿಸುವ ಹಾಗೆಯೇ. ನಲವತ್ತು ವರ್ಷ ರೇಷನ್ ಅಕ್ಕಿಯ ಕಲ್ಲು ಆರಿಸಿದ ಕಣ್ಣು ಅದು. ಅರ್ಧ ಗಂಟೆಯಲ್ಲಿ ಹದಿನಾಲ್ಕು! ನಾನು ಮತ್ತು ನಮ್ಮನೆಯವರು ಸೇರಿ ಬೆಳಗಿನಿಂದ ಆರಿಸಿದ್ದು ಐದು. ಹೇಗೆ ಅಂತ ಕೇಳಿದೆ. "ಕಪ್ಪಗೆ ಹೊಳೆಯೋದನ್ನ ಹುಡುಕಿದ್ರೆ ಎಲ್ಲಾ ಕಲ್ಲೂ ಹಲ್ಲೇ ಕಣೇ. ಎರಡೂ ಮಗ್ಗುಲು ಒಂದೇ ಥರ ಇರೋದನ್ನ ನೋಡು. ಕಲ್ಲು ಹಂಗಿರಲ್ಲ."

ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಮುಂದಿನ ಸಲ ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಒಂದು ಪುಟ್ಟ ಮೊರವನ್ನೇ ಇಟ್ಟುಕೊಂಡು ಬಂದರು.

ಸಿಗುವ ಹಲ್ಲುಗಳು ಹೆಚ್ಚಿನವು ಒಂದು ಇಂಚಿಗಿಂತ ಚಿಕ್ಕವು. ಮನೆಯ ಸಾಮಾನು ಗೊತ್ತಿದ್ದವರಿಗೆ ಗುರುತಿಸುವುದು ಸುಲಭ. ದಬ್ಬಳದಂತೆ ಸಪೂರ, ಬುಡದಲ್ಲಿ ಆಚೆ ಈಚೆ ಪುಟ್ಟ ಮೊನೆ ಇದ್ದರೆ ಸ್ಯಾಂಡ್ ಟೈಗರ್. ಹುಂಜದ ಜುಟ್ಟಿನಂತೆ ಒಂದು ಕಡೆಗೆ ವಾಲಿದ್ದರೆ ಟೈಗರ್ ಶಾರ್ಕ್. ಅಂಚಿನಲ್ಲಿ ಒರಟು ಗರಗಸದ ಕಚ್ಚು ಎದ್ದು ಕಂಡರೆ ಸ್ನ್ಯಾಗಲ್‌ಟೂತ್. ಅಂಚು ನುಣುಪಾಗಿ ಚಾಕುವಿನಂತಿದ್ದರೆ ಮೇಕೊ. ಬಾಚಣಿಗೆಯ ಮುರುಕಿನಂತಿದ್ದರೆ ಕೌ ಶಾರ್ಕ್, ಅದು ಸಿಕ್ಕಿದ ದಿನ ಪಾಯಸ ಮಾಡಿ. ಚಪ್ಪಟೆಯಾಗಿ, ಗೆರೆಗೆರೆಯಾಗಿ ಇದ್ದರೆ ಅದು ಶಾರ್ಕೇ ಅಲ್ಲ, ಮಂಗಳೂರಿನ ಕಡೆಯವರು ತೊರಕೆ ಅನ್ನುತ್ತಾರಲ್ಲ, ಆ ಮೀನಿನ ಅರೆಯುವ ಹಲ್ಲು.

ಮತ್ತೆ ಮೆಗಲೊಡಾನ್, ಆ ಅಳಿದುಹೋದ ದೈತ್ಯ ಶಾರ್ಕ್? ಇದೆ. 2022ರ ಕ್ರಿಸ್‌ಮಸ್ ದಿನ ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಕ್ಯಾಲ್ವರ್ಟ್ ದಡದಲ್ಲಿ ಐದು ಇಂಚಿನ ಹಲ್ಲು ಸಿಕ್ಕಿತು, ಊರೆಲ್ಲ ಸುದ್ದಿಯಾಯಿತು. ಸುದ್ದಿ ಆದದ್ದೇ ಅದು ಅಪರೂಪ ಅನ್ನುವುದಕ್ಕೆ. ನನಗೆ ಹನ್ನೊಂದು ವರ್ಷದಲ್ಲಿ ಸಿಕ್ಕಿದ್ದು ಮುರಿದ ಒಂದು ಚೂರು. ನೋಡಿಯೇ ತೀರಬೇಕು ಅನ್ನುವವರು ಸಾಲಮನ್ಸ್ ಊರಿನ ಕ್ಯಾಲ್ವರ್ಟ್ ಮರೀನ್ ಮ್ಯೂಸಿಯಂಗೆ ಹೋಗಿ, ಅಸ್ಥಿಪಂಜರದ ಪೂರ್ಣಗಾತ್ರದ ಮಾದರಿ ತೂಗುಹಾಕಿದ್ದಾರೆ. ನೀವು ಆರಿಸಿದ್ದನ್ನು ತೋರಿಸಿದರೆ ಯಾವುದರ ಹಲ್ಲು ಅಂತ ಹೇಳುತ್ತಾರೆ ಕೂಡ.

ವರ್ಜೀನಿಯಾದ ರಿಚ್ಮಂಡ್, ಫ್ರೆಡರಿಕ್ಸ್‌ಬರ್ಗ್ ಕಡೆಯವರು ಇಷ್ಟು ದೂರ ಬರಬೇಕಾಗಿಲ್ಲ. ಪೊಟೊಮ್ಯಾಕ್ ದಡದ ವೆಸ್ಟ್‌ಮೋರ್‌ಲ್ಯಾಂಡ್ ಸ್ಟೇಟ್ ಪಾರ್ಕಿನಲ್ಲಿ ಫಾಸಿಲ್ ಬೀಚ್ ಅಂತಲೇ ಇದೆ, ಅದೂ ಮಯೊಸೀನ್ ಪದರವೇ. ಬರುವಾಗ ಏರುದಾರಿ, ಅದೊಂದು ನೆನಪಿರಲಿ.

ಜನಜಂಗುಳಿ ಬೇಡ ಅನ್ನುವವರಿಗೆ ಮೇರಿಲ್ಯಾಂಡ್ ಬದಿಯ ಪೊಟೊಮ್ಯಾಕ್ ದಡದಲ್ಲಿ ಪರ್ಸ್ ಅನ್ನುವ ಜಾಗ. ಇಲ್ಲಿನ ಪದರ ಇನ್ನೂ ಹಳೆಯದು, ಸುಮಾರು 6 ಕೋಟಿ ವರ್ಷ. ಡೈನೋಸಾರ್‌ಗಳು ಆಗಷ್ಟೇ ಹೋಗಿದ್ದ ಕಾಲ. ಸ್ಯಾಂಡ್ ಟೈಗರ್ ಜಾತಿಯ ದಬ್ಬಳದ ಹಲ್ಲುಗಳು ರಾಶಿ ಸಿಗುತ್ತವೆ, ಮೆಗಲೊಡಾನ್ ವಂಶದ ಮುತ್ತಜ್ಜನಂಥ ಓಟೋಡಸ್ ಹಲ್ಲೂ ಇದೆ. ಆದರೆ ಸೌಕರ್ಯ ಅಂತ ಏನೂ ಇಲ್ಲ. ಇಳಿತ ಇಲ್ಲದಿದ್ದರೆ ದಡವೂ ಇಲ್ಲ, ಮರದ ಬೇರು ಹಿಡಿದುಕೊಂಡು ನಿಲ್ಲಬೇಕು. ಗೆಳೆಯರು ಗೆಳೆಯರೇ ಹೋಗುವುದಾದರೆ ಸರಿ, ಸಂಸಾರ ಸಮೇತ ಬೇಡ.

ನ್ಯೂಜೆರ್ಸಿಯ ಬಿಗ್ ಬ್ರೂಕ್: ಜರಡಿ ಹಿಡಿಯುವವರಿಗೆ

ಎಡಿಸನ್ ಕಡೆಯ ಕನ್ನಡದವರು ನಾಲ್ಕು ಗಂಟೆ ಕಾರು ಓಡಿಸಿಕೊಂಡು ಮೇರಿಲ್ಯಾಂಡಿಗೆ ಬಂದು ನಮ್ಮನೆಯಲ್ಲಿ ಊಟ ಮಾಡಿ ಹೋಗುತ್ತಾರೆ. ಸಂತೋಷವೇ. ಆದರೆ ಅವರ ಮನೆಯ ಬಾಗಿಲಲ್ಲೇ, ಮನ್‌ಮತ್ ಕೌಂಟಿಯ ಕೋಲ್ಟ್ಸ್ ನೆಕ್, ಮಾರ್ಲ್‌ಬೊರೊ ನಡುವೆ ಬಿಗ್ ಬ್ರೂಕ್ ಹರಿಯುತ್ತದೆ. ನಮ್ಮ ಮಲೆನಾಡಿನ ಹಳ್ಳದ ಹಾಗೆ, ಮಂಡಿಯುದ್ದ ನೀರು, ಎರಡೂ ಕಡೆ ಮಣ್ಣಿನ ದರೆ. ಅದು ಕೊರೆದುಕೊಂಡು ಹರಿಯುವುದು ಸುಮಾರು 7 ಕೋಟಿ ವರ್ಷ ಹಳೆಯ ಕ್ರಿಟೇಷಿಯಸ್ ಪದರದಲ್ಲಿ. ಅಂದರೆ ಡೈನೋಸಾರ್‌ಗಳು ಇನ್ನೂ ಓಡಾಡುತ್ತಿದ್ದಾಗಿನ ಕಡಲು. ಉದ್ದ ಮೂತಿಯ ಗಾಬ್ಲಿನ್ ಶಾರ್ಕ್, ಕಾಗೆ ಶಾರ್ಕ್ ಅಂತ ಕರೆಯುವ ಸ್ಕ್ವಾಲಿಕೊರ್ಯಾಕ್ಸ್ ಇವುಗಳ ಹಲ್ಲು ಸಿಗುತ್ತವೆ. ಪುಣ್ಯವಿದ್ದರೆ ಮೊಸಸಾರ್ ಎಂಬ ಕಡಲ ಸರೀಸೃಪದ ಹಲ್ಲು.

ಇಲ್ಲಿ ಕಣ್ಣಿಗಿಂತ ಸೊಂಟದ ಕೆಲಸ ಜಾಸ್ತಿ. ನುರುಜನ್ನು ಬಾಚಿ ಜರಡಿಗೆ ಹಾಕಿ, ನೀರಲ್ಲಿ ಅಲುಗಿಸಿ, ಉಳಿದದ್ದನ್ನು ಆರಿಸಬೇಕು. ನಿಯಮ ಬಿಗಿ: ಒಬ್ಬರಿಗೆ ದಿನಕ್ಕೆ ಐದೇ ಪಳೆಯುಳಿಕೆ, ಜರಡಿ 18 ಇಂಚು ಮೀರಬಾರದು, ದೊಡ್ಡ ಸಲಿಕೆ ತರುವಂತಿಲ್ಲ, ದರೆ ಕೆರೆಯುವಂತಿಲ್ಲ. ಹೊರಡುವ ಮುನ್ನ ಅಲ್ಲಿನ ಆಡಳಿತದ ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ.

ಐದೇ ಅಂದಾಗ ನನಗೆ ಮೊದಲು ಸಿಟ್ಟು ಬಂದಿತ್ತು. ಆದರೆ ಮಕ್ಕಳ ಜೊತೆ ಹೋದಾಗ ಅದೇ ಚೆನ್ನಾಗಿರುತ್ತದೆ. ಕ್ಯಾಲ್ವರ್ಟಿನಲ್ಲಿ ನಮ್ಮ ಮಗಳು ನಲವತ್ತು ಹಲ್ಲು ಡಬ್ಬಿಗೆ ಸುರಿದು ಮರೆತುಬಿಟ್ಟಳು. ಇಲ್ಲಿ ಐದನ್ನು ಆರಿಸಲು ಅರ್ಧ ಗಂಟೆ ದಡದಲ್ಲಿ ಕೂತು ಅಣ್ಣನ ಜೊತೆ ವಾದ ಮಾಡಿದಳು. ಆ ಐದರ ಹೆಸರೂ ಅವಳಿಗೆ ಬಾಯಿಪಾಠ. ಆರರಿಂದ ಹನ್ನೆರಡು ವರ್ಷದ ಮಕ್ಕಳಿದ್ದರೆ ನನಗೆ ಗೊತ್ತಿರುವ ಜಾಗಗಳಲ್ಲಿ ಇದೇ ಮೊದಲನೆಯದು. ಹಿರಿಯರಿಗೆ ಬೇಡವೇ ಬೇಡ: ದರೆ ಇಳಿಯುವುದು ಜಾರು, ಕೂರಲು ಜಾಗ ಇಲ್ಲ, ಮುಟ್ಟಿದರೆ ಮೈ ತುರಿಸುವ ಪಾಯ್ಸನ್ ಐವಿ ಬಳ್ಳಿ ಬೇರೆ.

ಅರೋರ: ಕಂಕುಳಲ್ಲಿ ಕೂಸಿದ್ದವರಿಗೆ

ನಾರ್ತ್ ಕ್ಯಾರೊಲೈನಾದ ಅರೋರ ಎಂಬ ಪುಟ್ಟ ಊರಲ್ಲಿ ಅರೋರ ಫಾಸಿಲ್ ಮ್ಯೂಸಿಯಂ ಇದೆ. ಪಕ್ಕದಲ್ಲೇ ದೊಡ್ಡ ಫಾಸ್ಫೇಟ್ ಗಣಿ. ಗಣಿಯಿಂದ ತೆಗೆದ ಮಣ್ಣಿನ ಗುಡ್ಡೆಗಳನ್ನು ಮ್ಯೂಸಿಯಂ ಎದುರಿಗೇ ಸುರಿದಿರುತ್ತಾರೆ, ಯಾರು ಬೇಕಾದರೂ ಬಂದು ಕೆದಕಬಹುದು, ದುಡ್ಡಿಲ್ಲ. ಅಲೆ ಇಲ್ಲ, ದಿಬ್ಬ ಕುಸಿಯುವ ಭಯ ಇಲ್ಲ, ನಡಿಗೆ ಇಲ್ಲ, ಇಳಿತ ಕಾಯುವುದಿಲ್ಲ. ಎರಡು ವರ್ಷದ ಮಗು ಮರಳಲ್ಲಿ ಆಡುವ ಹಾಗೆ ಕೂತು ಆಡುತ್ತದೆ, ಆಡುತ್ತಾ ಆಡುತ್ತಾ ಅದಕ್ಕೂ ಒಂದೆರಡು ಸಿಗುತ್ತದೆ. ಸಿಗುವುದೆಲ್ಲ ಸಣ್ಣ ಹಲ್ಲು, ನೆರಳಿಲ್ಲ, ಮೂರು ಗಂಟೆಯ ಮೇಲೆ ಬೇಸರ ಬರುತ್ತದೆ. ರಾಲಿ, ಕ್ಯಾರಿ ಕಡೆಯವರಿಗೆ ಎರಡೂವರೆ ಗಂಟೆಯ ದಾರಿ. ವಾಷಿಂಗ್ಟನ್ನಿನಿಂದ ಇದಕ್ಕಾಗಿಯೇ ಹೋಗಬೇಡಿ, ಔಟರ್ ಬ್ಯಾಂಕ್ಸ್ ಪ್ರವಾಸದ ಜೊತೆ ಸೇರಿಸಿಕೊಳ್ಳಿ.

ಫ್ಲೋರಿಡಾ: ಡಿಸ್ನಿಗೆ ಹೋದಾಗ ಹೇಗೂ

ಫ್ಲೋರಿಡಾದ ಪಶ್ಚಿಮ ತೀರದ ವೆನಿಸ್ ಊರು ತನ್ನನ್ನು ಜಗತ್ತಿನ ಶಾರ್ಕ್ ಹಲ್ಲಿನ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಕ್ಯಾಸ್ಪರ್ಸನ್ ಬೀಚಿನಲ್ಲಿ ಉದ್ದ ಕೋಲಿನ ತುದಿಗೆ ತಂತಿಯ ಬುಟ್ಟಿ ಕಟ್ಟಿಕೊಂಡು ನೀರಂಚಿನಲ್ಲಿ ನಿಂತಿರುವವರು ಕಾಣುತ್ತಾರೆ. ಅದನ್ನು ಅಲ್ಲಿಯವರು "ಫ್ಲೋರಿಡಾದ ಹಿಮದ ಸಲಿಕೆ" ಅಂತ ತಮಾಷೆ ಮಾಡುತ್ತಾರೆ. ಬಗ್ಗುವ ಗೋಜಿಲ್ಲ, ಬುಟ್ಟಿ ನೀರಿಗೆ ಹಾಕಿ ಎಳೆಯುವುದು, ಜಾಲಾಡಿಸುವುದು, ನೋಡುವುದು. ನೀರು ಬೆಚ್ಚಗೆ, ಹಲ್ಲು ಕಪ್ಪಗೆ, ಅಲೆಗೆ ಉಜ್ಜಿ ಉಜ್ಜಿ ಹೊಳಪು ಬಂದಿರುತ್ತದೆ. ಅದೇ ಅದರ ದೋಷವೂ ಹೌದು. ಮೊನೆ, ಕಚ್ಚುಗಳು ಸವೆದು ಯಾವ ಶಾರ್ಕ್ ಅನ್ನುವುದು ಹೇಳಲು ಬರುವುದಿಲ್ಲ. ನೀರಿಗಿಳಿಯುವಾಗ ಕಾಲನ್ನು ಎತ್ತಿ ಇಡಬೇಡಿ, ಎಳೆದುಕೊಂಡು ನಡೆಯಿರಿ. ಮರಳಲ್ಲಿ ಅಡಗಿರುವ ತೊರಕೆ ಸದ್ದಿಗೆ ಸರಿದುಹೋಗುತ್ತದೆ, ತುಳಿದರೆ ಮುಳ್ಳು ಚುಚ್ಚುತ್ತದೆ. ಚಂಡಮಾರುತದ ನಂತರದ ತಿಂಗಳುಗಳಲ್ಲಿ ದಡ ತೆರೆದಿದೆಯೋ ಇಲ್ಲವೋ ಕೇಳಿಕೊಂಡು ಹೊರಡಿ.

ಇದೇ ಊರಿನಲ್ಲಿ ದೋಣಿಯಲ್ಲಿ ಕರೆದೊಯ್ದು 20ರಿಂದ 35 ಅಡಿ ಆಳದಲ್ಲಿ ಮುಳುಗಿಸುವವರಿದ್ದಾರೆ. ಮೆಗಲೊಡಾನ್ ಹಲ್ಲು ನಿಜವಾಗಿ ಕೈಗೆ ಹತ್ತುವುದು ಅಲ್ಲಿ. ಸ್ಕೂಬಾ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ, ದುಬಾರಿ, ನಾನು ಹೋಗಿಲ್ಲ, ಹೋಗುವವಳೂ ಅಲ್ಲ. ಸೌತ್ ಕ್ಯಾರೊಲೈನಾದ ಕೂಪರ್ ನದಿಯಲ್ಲೂ ಹಾಗೇ ಮುಳುಗುತ್ತಾರೆ, ಅಲ್ಲಂತೂ ಟಾರ್ಚಿನ ಬೆಳಕು ಮೊಳದುದ್ದ ಹೋದರೆ ಹೆಚ್ಚು. ಆ ರಾಜ್ಯದಲ್ಲಿ ನೀರಿನಡಿಯಿಂದ ತೆಗೆಯಲು ಲೈಸೆನ್ಸ್ ಬೇಕು.

ನನ್ನ ಮನಸ್ಸು ಪೀಸ್ ನದಿಯ ಕಡೆಗೆ. ವೆನಿಸ್‌ನಿಂದ ಒಳನಾಡಿಗೆ ಸುಮಾರು ಒಂದು ಗಂಟೆ, ಆರ್ಕೇಡಿಯ, ಜೋಲ್ಫೊ ಸ್ಪ್ರಿಂಗ್ಸ್ ಸುತ್ತ. ಮಳೆಗಾಲ ಮುಗಿದು ನೀರು ಇಳಿದಾಗ, ಅಂದರೆ ಹೆಚ್ಚುಕಡಿಮೆ ನವೆಂಬರಿನಿಂದ ಮೇ ತನಕ, ಹೊಳೆಯಲ್ಲಿ ಸೊಂಟದ ತನಕ ನಿಂತು ಸಲಿಕೆಯಲ್ಲಿ ತಳದ ನುರುಜು ಎತ್ತಿ ತೇಲುವ ಜರಡಿಗೆ ಹಾಕಬೇಕು. ಸಲಿಕೆ ಕೆಳಗಿಳಿದಾಗ ಮರಳಾದರೆ ಮೆತ್ತಗೆ, ನುರುಜಾದರೆ "ಕರ್" ಅನ್ನುತ್ತದೆ. ಆ ಸದ್ದು ಬರುವ ತನಕ ಜಾಗ ಬದಲಿಸುತ್ತಾ ಇರಬೇಕು, ಬಂದ ಮೇಲೆ ಕದಲಬಾರದು. ಶಾರ್ಕ್ ಹಲ್ಲಿನ ಜೊತೆಗೇ ಹಿಮಯುಗದ ಆನೆ, ಕುದುರೆಯ ಹಲ್ಲಿನ ಚೂರು, ಕಡಲಹಸುವಿನ ಪಕ್ಕೆಲುಬು ಎಲ್ಲ ಒಂದೇ ಜರಡಿಗೆ ಬರುತ್ತದೆ. ಕೋಟಿ ವರ್ಷದ್ದೂ ಹತ್ತು ಸಾವಿರ ವರ್ಷದ್ದೂ ಚಿತ್ರಾನ್ನ. ಫ್ಲೋರಿಡಾದಲ್ಲಿ ಶಾರ್ಕ್ ಹಲ್ಲಿಗೆ ಪರವಾನಗಿ ಬೇಡ, ಆದರೆ ಬೇರೆ ಬೆನ್ನೆಲುಬಿನ ಪ್ರಾಣಿಗಳ ಪಳೆಯುಳಿಕೆಗೆ ಬೇಕು. ಫ್ಲೋರಿಡಾ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಅದನ್ನು ಕೊಡುತ್ತದೆ, ವರ್ಷಕ್ಕೆ 5 ಡಾಲರ್. ಜರಡಿಗೆ ಆನೆ ಬಂದಾಗ ವಾಪಸ್ಸು ನೀರಿಗೆ ಹಾಕುವ ಸಂಕಟಕ್ಕಿಂತ ಮೊದಲೇ ಮಾಡಿಸಿಕೊಳ್ಳುವುದು ಮೇಲು. ಮೊದಲ ಸಲವಾದರೆ ಗೈಡ್ ಜೊತೆ ಹೋಗಿ, ಹೊಳೆಯಲ್ಲಿ ಅಲಿಗೇಟರ್‌ಗಳಿವೆ. ನಮ್ಮ ಜೊತೆ ಬಂದವನು "ಅದು ನಿಮಗಿಂತ ಹೆಚ್ಚು ಹೆದರಿರುತ್ತದೆ" ಅಂದ. ನಮ್ಮನೆಯವರು ಆ ಮಾತು ನಂಬದೆ ದಿನವಿಡೀ ದೋಣಿಯಲ್ಲೇ ಕೂತು ಬಾಳೆಹಣ್ಣು ತಿಂದರು.

ಕ್ಯಾಲಿಫೋರ್ನಿಯಾದವರಿಗೆ

ಬೇಕರ್ಸ್‌ಫೀಲ್ಡ್ ಹೊರವಲಯದ ಶಾರ್ಕ್‌ಟೂತ್ ಹಿಲ್. ಕಡಲಿನಿಂದ ಬಹಳ ದೂರ, ಒಣ ಗುಡ್ಡ. ಸುಮಾರು 1.5 ಕೋಟಿ ವರ್ಷದ ಹಿಂದೆ ಅಲ್ಲಿ ಕೊಲ್ಲಿಯಿತ್ತು, ತಳದಲ್ಲಿ ತಿಮಿಂಗಿಲದ ಮೂಳೆ, ಹಲ್ಲುಗಳ ದಪ್ಪ ಪದರ ಹಾಗೇ ಉಳಿದಿದೆ. ಖಾಸಗಿ ಜಮೀನಿನಲ್ಲಿ ಶುಲ್ಕ ಕಟ್ಟಿ, ಮೊದಲೇ ಬುಕ್ ಮಾಡಿ ಅಗೆಯಬೇಕು. ಫ್ರೀಮಾಂಟಿನಲ್ಲಿರುವ ನನ್ನ ತಮ್ಮ ಹೋಗಿ ಬಂದ. ಅವನು ತಂದ ಮೇಕೊ ಹಲ್ಲುಗಳ ಮುಂದೆ ನನ್ನ ಹನ್ನೊಂದು ವರ್ಷದ ಸಂಗ್ರಹ ಸಾಸಿವೆ ಕಾಳು. ನೀರಿನ ಹೊಡೆತ ಇಲ್ಲದ್ದರಿಂದ ಮೊನೆ ಇನ್ನೂ ಬೆರಳಿಗೆ ಚುಚ್ಚುತ್ತದೆ. ಆದರೆ ಒಂದು ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಕಡೆಯ ಮಣ್ಣಿನ ಧೂಳಿನಲ್ಲಿ ವ್ಯಾಲಿ ಫೀವರ್ ತರುವ ಶಿಲೀಂಧ್ರ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಒಳ್ಳೆಯ ಮಾಸ್ಕ್ ಇಲ್ಲದೆ ಅಗೆಯಬೇಡಿ. ವಯಸ್ಸಾದವರನ್ನು, ಬಸುರಿಯರನ್ನು, ಸಕ್ಕರೆ ಕಾಯಿಲೆ ಇರುವವರನ್ನು ಕರೆದೊಯ್ಯಲೇಬೇಡಿ. ಅಲ್ಲಿಗೆ ದೊಡ್ಡವರಲ್ಲಿ ಗಟ್ಟಿಮುಟ್ಟಾದವರು, ಚಳಿಗಾಲದಲ್ಲಿ.

ಅಂಗಡಿಯಲ್ಲಿ ಕೊಂಡರೆ ಆಗದೇ?

ಆಗುತ್ತದೆ. ಗಿಫ್ಟ್ ಅಂಗಡಿಗಳಲ್ಲಿ ಪುಟ್ಟ ಚೀಲಕ್ಕೆ ಹಾಕಿ ಮಾರುವ ಹಳದಿ-ಕಂದು ಹಲ್ಲುಗಳು ಸಾಮಾನ್ಯವಾಗಿ ಮೊರಾಕ್ಕೋದ ಫಾಸ್ಫೇಟ್ ಗಣಿಯವು. ಹಲ್ಲು ಅಸಲಿಯೇ, ಊರು ಮಾತ್ರ ಬೇರೆ. ಕಡಲತೀರದ ಹೆಸರು ಬರೆದಿದ್ದಾರೆ ಅಂತ ಆ ತೀರದ್ದು ಅಂದುಕೊಳ್ಳಬೇಡಿ. ದೊಡ್ಡ ಹಲ್ಲು ಕೊಳ್ಳುವಾಗ ಮೋಸ ಬೇರಿನಲ್ಲಿ. ಒಂದು ಅಂಗಡಿಯಲ್ಲಿ ನಾನು ನಮ್ಮನೆಯವರ ಹುಟ್ಟುಹಬ್ಬಕ್ಕೆ ಅಂತ ನಾಲ್ಕೂವರೆ ಇಂಚಿನ ಮೆಗಲೊಡಾನ್ ಕೊಂಡೆ. ಬಿಸಿನೀರಲ್ಲಿ ತೊಳೆದಾಗ ಬೇರಿನ ಅರ್ಧ ಭಾಗದ ಬಣ್ಣ ಬಿಟ್ಟಿತು. ಒಳಗೆ ಗಾರೆಯಂಥ ಪುಟ್ಟಿ. ಕೊಳ್ಳುವುದಾದರೆ ಬೇರು ಮತ್ತು ಹಲ್ಲಿನ ನಡುವಿನ ಕಪ್ಪು ಪಟ್ಟಿಯನ್ನು ಭೂತಗನ್ನಡಿಯಲ್ಲಿ ನೋಡಿ. ಬೇರಿನ ಮೇಲೆ ಸಣ್ಣ ರಂಧ್ರಗಳು ಇರಬೇಕು, ಬಣ್ಣ ಒಂದೇ ಸಮ ಬಳಿದಂತಿರಬಾರದು. ಕಚ್ಚುಗಳ ಲಯ ಅಂಚಿನುದ್ದಕ್ಕೂ ಒಂದೇ ರೀತಿ ಸಣ್ಣದಾಗುತ್ತಾ ಹೋಗಬೇಕು, ಗರಗಸದಲ್ಲಿ ಹೊಸದಾಗಿ ಕೆತ್ತಿದ್ದು ಕಣ್ಣಿಗೆ ಹೊಡೆಯುತ್ತದೆ. "ರಿಪೇರಿ ಆಗಿದೆಯಾ?" ಅಂತ ಬಾಯಿಬಿಟ್ಟು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಕಾನೂನಿನ ಒಂದು ಮಾತು: ಫೆಡರಲ್ ಸರ್ಕಾರದ ಜಮೀನಿನಲ್ಲಿ ಬೆನ್ನೆಲುಬಿನ ಪ್ರಾಣಿಗಳ ಪಳೆಯುಳಿಕೆಯನ್ನು ಪರವಾನಗಿ ಇಲ್ಲದೆ ಎತ್ತುವಂತಿಲ್ಲ. 2009ರ ಕಾಯ್ದೆ ಇದೆ, ಶಾರ್ಕ್ ಹಲ್ಲೂ ಅದರೊಳಗೇ ಬರುತ್ತದೆ. ರಾಜ್ಯದ, ಕೌಂಟಿಯ ಪಾರ್ಕುಗಳಿಗೆ ಬೇರೆ ಬೇರೆ ನಿಯಮ. ನ್ಯಾಷನಲ್ ಪಾರ್ಕಿನಲ್ಲಿ ಸಿಕ್ಕಿದರೆ ಫೋಟೋ ತೆಗೆದು ಅಲ್ಲೇ ಬಿಡಿ.

ಮನೆಗೆ ಬಂದ ಮೇಲೆ

ಕಡಲಲ್ಲಿ ಸಿಕ್ಕಿದ್ದನ್ನು ಒಂದು ರಾತ್ರಿ ಸಿಹಿನೀರಲ್ಲಿ ನೆನೆಹಾಕಿ, ಮಾರನೇ ದಿನ ನೀರು ಬದಲಿಸಿ, ನೆರಳಲ್ಲಿ ಒಣಗಿಸಿ. ಉಪ್ಪು ಒಳಗೇ ಉಳಿದರೆ ಒಣಗಿದ ಮೇಲೆ ಹರಳುಗಟ್ಟಿ ಬೇರು ಸೀಳುತ್ತದೆ. ವಿನೆಗರ್, ನಿಂಬೆಹುಳಿ ಯಾವುದೂ ಬೇಡ, ಪಾತ್ರೆ ಅಲ್ಲ ಅದು. ಮುಖ್ಯವಾಗಿ, ಯಾವ ಜಾಗದ್ದು ಅಂತ ಆವತ್ತೇ ಚೀಟಿ ಬರೆದಿಡಿ. ನಾಳೆ ಬರೆಯೋಣ ಅಂದರೆ ವೆನಿಸ್‌ನದ್ದೂ ಕ್ಯಾಲ್ವರ್ಟಿನದ್ದೂ ಬೆರೆತು ಎರಡೂ ಹೋಯಿತು.

ನಾನು ಇಟ್ಟಿರುವುದು ಅತ್ತೆಯ ಹಳೆಯ ಒಗ್ಗರಣೆ ಡಬ್ಬಿಯಲ್ಲಿ. ಏಳು ಬಟ್ಟಲು: ಸಾಸಿವೆಯ ಜಾಗದಲ್ಲಿ ಅರೋರದ ಪುಡಿ ಹಲ್ಲು, ಮೆಂತ್ಯದ್ದರಲ್ಲಿ ವೆನಿಸ್, ಹೀಗೆ ಆರು ಊರು ಆರು ಬಟ್ಟಲು. ನಡುವಿನ ಏಳನೆಯದಕ್ಕೆ ಮಗ "ಹಲ್ಲೋ ಕಲ್ಲೋ" ಅಂತ ಚೀಟಿ ಅಂಟಿಸಿದ್ದಾನೆ. ತೀರ್ಮಾನ ಆಗದವೆಲ್ಲ ಅದರಲ್ಲಿ. ಅತ್ತೆ ಬಂದಾಗಲೆಲ್ಲ ಕನ್ನಡಕ ಏರಿಸಿಕೊಂಡು ಅದೊಂದನ್ನು ಮೊರಕ್ಕೆ ಸುರಿಯುತ್ತಾರೆ. ಹೋದ ಸಲ ಇಪ್ಪತ್ತಾರರಲ್ಲಿ ಇಪ್ಪತ್ತನಾಲ್ಕನ್ನು ಹಿತ್ತಲಿಗೆ ಎಸೆದರು.